ಕೂಲರಿನ ಕಿಟಕಿ, ಕವಡೆಯ ಲೆಕ್ಕ, ಕಾಣೆಯಾಗುವ ನೆರಳು

ಓದುಗರ ಪ್ರಶ್ನೋತ್ತರ: ಬೇಸಿಗೆಯ ಕಂತು

ಈ ಸಲ ಕೈಸೇರಿದ ಪತ್ರಗಳಲ್ಲಿ ಹೆಚ್ಚಿನವು ಬಳ್ಳಾರಿ, ರಾಯಚೂರು, ಕೊಪ್ಪಳ ಜಿಲ್ಲೆಗಳವು. ಕಾರಣವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಾನೂ ಬಳ್ಳಾರಿಯ ಕೋಟೆ ಗುಡ್ಡ ಕಾಣುವ ಮನೆಯಲ್ಲೇ ಕುಳಿತು ಇದನ್ನು ಬರೆಯುತ್ತಿದ್ದೇನೆ. ಹೊತ್ತು ಏರಿದಂತೆ ಆ ಬಂಡೆ ಎಷ್ಟು ಕಾಯುತ್ತದೆಂಬುದನ್ನು ನೋಡಿಯೇ ಸುಸ್ತಾಗುತ್ತದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಹೆಸರು ಬೇಡವೆಂದವರ ಹೆಸರು ಬಿಟ್ಟು, ಏಳು ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಪ್ರಶ್ನೆ: ನಾನು ಸರ್ಕಾರಿ ನೌಕರ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಚೇರಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಇರುವುದರಿಂದ ಎರಡು ಗಂಟೆಗೆಲ್ಲ ಮನೆ ಸೇರುತ್ತೇನೆ. ಮಧ್ಯಾಹ್ನವೆಲ್ಲ ಮನೆಮಂದಿ ಒಂದೇ ಕೋಣೆಯಲ್ಲಿ. ಹೋದ ವರ್ಷ 60 ಲೀಟರಿನ ಕೂಲರ್ ತಂದೆವು. ಮೊದಲ ವಾರ ಹಿತವಾಗಿತ್ತು. ಆಮೇಲೆ ಮೈಯೆಲ್ಲ ಅಂಟು ಅಂಟು. ಪ್ಯಾಡಿನ ಮೇಲೆ ಬಿಳಿ ಪೊರೆಯೂ ಕಟ್ಟಿದೆ. ಇದನ್ನು ಮಾರಿ ಏ.ಸಿ. ಕೊಳ್ಳೋಣವೆಂದರೆ ಕರೆಂಟ್ ಬಿಲ್ಲಿನ ಭಯ. ಏನು ಮಾಡಲಿ? (ಓದುಗರು, ರಾಯಚೂರು)

ಉತ್ತರ: ಮಾರುವ ಮೊದಲು ಒಂದು ಮಾತು ಕೇಳುತ್ತೇನೆ. ಕೂಲರ್ ಹಾಕಿದಾಗ ಕಿಟಕಿ, ಬಾಗಿಲು ಮುಚ್ಚುತ್ತೀರಾ? ಪತ್ರದ ಧಾಟಿ ನೋಡಿದರೆ ಮುಚ್ಚುತ್ತೀರೆಂದೇ ತೋರುತ್ತದೆ. ಮೊದಲ ವರ್ಷ ನಾನೂ ಅದೇ ತಪ್ಪು ಮಾಡಿದವನು. ತಂಪು ಹೊರಗೆ ಹೋಗಬಾರದೆಂದು ಕಿಟಕಿಯ ಸಂದಿಗೂ ಬಟ್ಟೆ ತುರುಕಿ ಕುಳಿತೆ. ಮೂರನೆಯ ದಿನಕ್ಕೆ ಮರದ ಕಪಾಟಿನ ಬಾಗಿಲು ಉಬ್ಬಿಕೊಂಡು ಮುಚ್ಚದಾಯಿತು, ಡಬ್ಬಿಯಲ್ಲಿದ್ದ ಹಪ್ಪಳ ಮುರಿಯಲು ಹೋದರೆ ಮುರಿಯದೆ ಬಾಗಿತು. ಹಪ್ಪಳ ಬಾಗಿದ ಮೇಲೆಯೇ ನನಗೆ ಕೂಲರಿನ ಗುಟ್ಟು ತಿಳಿದದ್ದು.

ಕೂಲರ್ ಎಂದರೆ ಫ್ಯಾನು ಕಟ್ಟಿದ ಮಣ್ಣಿನ ಗಡಿಗೆ. ಗಡಿಗೆಯ ಮೈಯಿಂದ ಜಿನುಗಿದ ನೀರು ಆವಿಯಾಗುವಾಗ ಒಳಗಿನ ನೀರಿನ ಶಾಖವನ್ನು ಹೊತ್ತೊಯ್ಯುವಂತೆ, ತೊಯ್ದ ಪ್ಯಾಡಿನ ನೀರು ಆವಿಯಾಗುವಾಗ ಹಾದುಹೋಗುವ ಗಾಳಿಯ ಶಾಖವನ್ನು ಹೀರಿಕೊಳ್ಳುತ್ತದೆ. ಒಂದು ಲೀಟರ್ ನೀರು ಆವಿಯಾಗಲು ಬೇಕಾಗುವ ಶಾಖವನ್ನು ಕರೆಂಟಿನ ಲೆಕ್ಕದಲ್ಲಿ ಹೇಳುವುದಾದರೆ ಅದು ಒಂದು ಯೂನಿಟಿನ ಮೂರನೇ ಎರಡರಷ್ಟು. ಗಂಟೆಗೆ ಐದು ಲೀಟರ್ ಕುಡಿಯುವ ಕೂಲರ್, ಗಾಳಿ ಒಣಗಿದ್ದರೆ, ಸುಮಾರು ಒಂದು ಟನ್ನಿನ ಏ.ಸಿ.ಯಷ್ಟು ಶಾಖವನ್ನು ಗಾಳಿಯಿಂದ ಕೀಳುತ್ತದೆ. ಆದರೆ ಆ ಆವಿಯೆಲ್ಲ ಕೋಣೆಯೊಳಗೇ ಉಳಿದರೆ ಗಾಳಿ ನೀರುಂಡು ತೃಪ್ತವಾಗುತ್ತದೆ, ಪ್ಯಾಡಿನ ನೀರು ಆವಿಯಾಗುವುದು ನಿಲ್ಲುತ್ತದೆ, ನಿಮ್ಮ ಬೆವರೂ ಆರುವುದಿಲ್ಲ. ಆದ್ದರಿಂದ ಕೂಲರನ್ನು ಹೊರಗಾಳಿ ಸಿಗುವ ಕಿಟಕಿಗೆ ಬೆನ್ನು ಮಾಡಿ ಇಟ್ಟು, ಎದುರಿನ ಗೋಡೆಯ ಕಿಟಕಿಯನ್ನೋ ಬಾಗಿಲನ್ನೋ ಒಂದು ಗೇಣು ತೆರೆದಿಡಿ. ಗಾಳಿ ಒಂದು ಕಡೆ ಬಂದು ಇನ್ನೊಂದು ಕಡೆ ಹೋಗಬೇಕು. ಹೋಗುವ ದಾರಿಯಲ್ಲಿ ನೀವು ಕುಳಿತಿರಬೇಕು.

ನಮ್ಮ ಭಾಗಕ್ಕೆ ಕೂಲರ್ ಒಗ್ಗುವುದು ಗಾಳಿ ಒಣಗಿರುವುದರಿಂದಲೇ. ಹೊರಗೆ 42 ಡಿಗ್ರಿ ಬಿಸಿಲಿದ್ದು ಗಾಳಿಯ ತೇವಾಂಶ ನೂರಕ್ಕೆ 20ರಷ್ಟಿದ್ದರೆ, ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕ ಸುಮಾರು 23 ಡಿಗ್ರಿ ತೋರಿಸುತ್ತದೆ. ಒಳ್ಳೆಯ ಪ್ಯಾಡಿನ ಕೂಲರ್ ಈ ಎರಡರ ನಡುವಿನ ಅಂತರದ ಮುಕ್ಕಾಲು ಪಾಲನ್ನು ಇಳಿಸಬಲ್ಲದು, ಅಂದರೆ 28 ಡಿಗ್ರಿಯ ಆಸುಪಾಸಿನ ಗಾಳಿ ಕೊಡಬಲ್ಲದು. ಅದೇ ಜೂನಿನಲ್ಲಿ ಮೋಡ ಕವಿದು, 34 ಡಿಗ್ರಿಗೆ ತೇವಾಂಶ 65ಕ್ಕೆ ಏರಿದರೆ ಒದ್ದೆ ಬಟ್ಟೆಯ ಉಷ್ಣಮಾಪಕವೇ 28 ತೋರಿಸುತ್ತದೆ. ಆಗ ಕೂಲರಿನಿಂದ ಬರುವುದು ಬರೀ ತೇವ. ಮೊದಲ ಮಳೆ ಬಿದ್ದ ದಿನ ಪಂಪ್ ಆಫ್ ಮಾಡಿ ಫ್ಯಾನನ್ನಷ್ಟೇ ಓಡಿಸಿ.

ಬಿಳಿ ಪೊರೆ ನಿಮ್ಮ ಬೋರ್‌ವೆಲ್ ನೀರಿನ ಉಪ್ಪು. ನೀರು ಆವಿಯಾಗಿ ಹೋಗುತ್ತದೆ, ಉಪ್ಪು ಹೋಗುವುದಿಲ್ಲ. ಮೇಲಿಂದ ಮೇಲೆ ನೀರು ಸುರಿದಂತೆ ತೊಟ್ಟಿಯ ನೀರು ಇನ್ನಷ್ಟು ಗಡಸಾಗುತ್ತ, ಕೊನೆಗೆ ಉಗುರಿನಿಂದ ಕೆರೆದರೂ ಬಾರದ ಕಲ್ಲಾಗಿ ಪ್ಯಾಡಿನ ರಂಧ್ರಗಳನ್ನು ಮುಚ್ಚುತ್ತದೆ. ಮೂರು ದಿನಕ್ಕೊಮ್ಮೆ ತೊಟ್ಟಿಯನ್ನು ಪೂರಾ ಖಾಲಿ ಮಾಡಿ, ಒರೆಸಿ, ಹೊಸ ನೀರು ತುಂಬಿ. ಹಳೆಯ ಉಪ್ಪುನೀರನ್ನು ಗಿಡಕ್ಕೆ ಹಾಕದೆ ಅಂಗಳಕ್ಕೆ ಚೆಲ್ಲಿ. ಡೆಂಗಿ ಹರಡುವ ಸೊಳ್ಳೆ ನಿಂತ ತಿಳಿನೀರಿನಲ್ಲಿ ಮೊಟ್ಟೆಯಿಟ್ಟು ಒಂದು ವಾರ, ಹತ್ತು ದಿನದಲ್ಲಿ ರೆಕ್ಕೆ ಬಿಚ್ಚುವುದರಿಂದ ಆ ದೃಷ್ಟಿಯಿಂದಲೂ ಇದು ಅಗತ್ಯ. ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಂತೆ ಓದಿಕೊಳ್ಳಿ: ನೀರು ತುಂಬುವಾಗ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ. ತಗಡಿನ ಕೂಲರ್, ಒದ್ದೆ ನೆಲ, ಬರಿಗಾಲು, ಇವು ಮೂರೂ ಕೂಡಿದಾಗ ಜೀವಕ್ಕೆ ಅಪಾಯ. ಮೂರು ಪಿನ್ನಿನ ಪ್ಲಗ್ ಮತ್ತು ಸರಿಯಾದ ಅರ್ಥಿಂಗ್ ಇಲ್ಲದ ಮನೆಯಲ್ಲಿ ತಗಡಿನ ಕೂಲರ್ ಇಡಲೇಬೇಡಿ.

ಬಿಲ್ಲಿನ ಲೆಕ್ಕ ಸರಳ. 180 ವಾಟಿನ ಕೂಲರ್ ದಿನಕ್ಕೆ ಹತ್ತು ಗಂಟೆ ಓಡಿದರೆ ತಿಂಗಳಿಗೆ 54 ಯೂನಿಟ್. ಒಂದೂವರೆ ಟನ್ನಿನ ಏ.ಸಿ. ನಮ್ಮ ಬಿಸಿಲಿನಲ್ಲಿ ದಿನಕ್ಕೆ ಎಂಟು ಗಂಟೆ ಓಡಿದರೆ, ಕರೆಂಟ್ ಉಳಿಸುವ ಇನ್ವರ್ಟರ್ ಮಾದರಿಯದೇ ಆದರೂ, ಎಂಟು ಯೂನಿಟ್ ತಿನ್ನುತ್ತದೆಂದು ಹಿಡಿಯಿರಿ, ತಿಂಗಳಿಗೆ 240. ಗೃಹಜ್ಯೋತಿಯ ಫಲಾನುಭವಿಯಾಗಿದ್ದರೆ 200 ಯೂನಿಟ್ ದಾಟಿದ ತಿಂಗಳು ಇಡೀ ಬಿಲ್ಲನ್ನು ನೀವೇ ಕಟ್ಟಬೇಕೆಂಬುದು ಗೊತ್ತೇ ಇದೆ. ನಿಮ್ಮ ಪಕ್ಕದ ಶಕ್ತಿನಗರದಲ್ಲಿ 1985ರಿಂದ ಒಂದೊಂದೇ ಘಟಕ ಸೇರಿ 1,720 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ನಿಂತಿದೆಯೆಂದು ನಿಮ್ಮ ಊರಿನ ಮೀಟರ್ ನಿಧಾನ ತಿರುಗುವುದಿಲ್ಲವಲ್ಲ. ಮನೆಯಲ್ಲಿ ಹಸುಗೂಸೋ ಕಾಯಿಲೆಯವರೋ ಇದ್ದರೆ ಒಂದೇ ಕೋಣೆಗೆ ಏ.ಸಿ. ಇರಲಿ, 26ಕ್ಕಿಟ್ಟು ಜೊತೆಗೆ ಫ್ಯಾನ್ ತಿರುಗಿಸಿ. 2020ರಿಂದ ಸ್ಟಾರ್ ಗುರುತಿನ ಏ.ಸಿ.ಗಳು 24 ಡಿಗ್ರಿಗೇ ಹೊಂದಿಸಿ ಬರುತ್ತಿರುವುದು ಕರೆಂಟ್ ಉಳಿಯಲೆಂದೇ. ಅದನ್ನು 18ಕ್ಕೆ ಇಳಿಸಿ, ಕೌದಿ ಹೊದ್ದು ಮಲಗುವ ಮನೆಗಳನ್ನು ನಾನು ಕಂಡಿದ್ದೇನೆ. ಆ ಸುಖ ನನಗೆ ಅರ್ಥವಾಗಿಲ್ಲ.

ಪ್ರಶ್ನೆ: ಮಗಳಿಗೆ ಒಂಬತ್ತು ವರ್ಷ, ಮಗನಿಗೆ ಆರು. ರಜೆ ಬಿಟ್ಟ ದಿನದಿಂದ ಊಟ ಮುಗಿದೊಡನೆ ಮೊಬೈಲಿಗೆ ಜಗಳ ಶುರು. ಬಿಸಿಲಿಗೆ ಹೊರಗೆ ಕಳಿಸುವ ಹಾಗಿಲ್ಲ. ಕಸಿದುಕೊಂಡರೆ ಅಳು, ಕೊಟ್ಟರೆ ಸಂಜೆವರೆಗೂ ತಲೆ ಎತ್ತುವುದಿಲ್ಲ. ಅತ್ತೆಯವರು 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎನ್ನುತ್ತಾರೆ, ಆದರೆ ಅವರೂ ಮೊಬೈಲಿನಲ್ಲಿ ಧಾರಾವಾಹಿ ನೋಡುತ್ತಾರೆ! (ಗೃಹಿಣಿ, ಬಳ್ಳಾರಿ)

ಉತ್ತರ: ನಿಮ್ಮ ಅತ್ತೆಯವರೇ ಈ ಸಮಸ್ಯೆಗೆ ಮದ್ದು. ಅವರ ಕಾಲದಲ್ಲಿ ಮಧ್ಯಾಹ್ನ ಏನು ಆಡುತ್ತಿದ್ದರೆಂದು ಕೇಳಿ. ಕೇಳಿ ಸುಮ್ಮನಾಗದೆ, ಮಕ್ಕಳೆದುರು ನೆಲದ ಮೇಲೆ ಬರೆಸಿ. ಚೌಕಾಬಾರ ಬಾರದ ಅಜ್ಜಿ ನಮ್ಮ ಸೀಮೆಯಲ್ಲಿ ಅಪರೂಪ.

ಕಡಪ ಕಲ್ಲಿನ ನೆಲವಿದ್ದರೆ ಸೀಮೆಸುಣ್ಣ ಸಾಕು. ಐದಕ್ಕೆ ಐದು ಮನೆ, ನಾಲ್ಕು ಬದಿಯ ನಡುಮನೆಗೂ ಒಳಗಿನ ನಟ್ಟನಡುವಿನ ಮನೆಗೂ ಅಡ್ಡಗೆರೆಯ ಕಟ್ಟೆ (ಅಲ್ಲಿರುವ ಕಾಯನ್ನು ಹೊಡೆಯುವಂತಿಲ್ಲ). ಒಬ್ಬೊಬ್ಬರಿಗೆ ನಾಲ್ಕು ಕಾಯಿ: ಒಬ್ಬರಿಗೆ ಬಳೆಚೂರು, ಒಬ್ಬರಿಗೆ ಕಡಲೆ, ಒಬ್ಬರಿಗೆ ಬೆಂಕಿಕಡ್ಡಿಯ ತುಂಡು. ಕವಡೆ ಇಲ್ಲವೆಂದು ಅಂಗಡಿಗೆ ಹೋಗಬೇಡಿ. ಹುಣಸೆ ಬೀಜ ತೆಗೆದುಕೊಂಡು ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಹಚ್ಚಿ ಉಜ್ಜಲು ಮಗನನ್ನು ಕೂರಿಸಿ. ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುವವರೆಗೆ ಉಜ್ಜಬೇಕು. ಬೆರಳಿಗೆ ಬಿಸಿ ತಾಗುತ್ತದೆ, ಹುರಿದ ಬೀಜದಂಥ ವಾಸನೆ ಏಳುತ್ತದೆ, ನಾಲ್ಕು ಬೀಜ ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆದಿರುತ್ತದೆ. ಬಿಳಿ ಮೇಲೆ ಬಿದ್ದಷ್ಟು ಲೆಕ್ಕ. ನಾಲ್ಕೂ ಬಿಳಿಯಾದರೆ ಚೌಕ, ನಾಲ್ಕೂ ಕಂದಾದರೆ ಎಂಟು, ಈ ಎರಡಕ್ಕೂ ಮತ್ತೊಂದು ಸರದಿ. ಎದುರಾಳಿಯ ಒಂದು ಕಾಯನ್ನಾದರೂ ಹೊಡೆಯದೆ ಒಳಸುತ್ತಿಗೆ ಇಳಿಯುವಂತಿಲ್ಲ. ಈ ಕೊನೆಯ ನಿಯಮವನ್ನು ಕೆಲವರು ಮಕ್ಕಳಿಗಾಗಿ ಸಡಿಲಿಸುತ್ತಾರೆ. ಸಡಿಲಿಸಬೇಡಿ, ಆಟದ ಖಾರವೆಲ್ಲ ಅದರಲ್ಲಿಯೇ ಇದೆ.

ಮಗಳಿಗೆ ಒಂಬತ್ತಾಗಿದೆ, ಅವಳಿಗೆ ಲೆಕ್ಕದ ರುಚಿಯನ್ನೂ ತೋರಿಸಬಹುದು. ನಾಲ್ಕು ಬೀಜ ಬೀಳುವ ಬಗೆ ಒಟ್ಟು 16. ಅದರಲ್ಲಿ ಎರಡು ಬೀಳುವ ಬಗೆ 6, ಒಂದಕ್ಕೆ 4, ಮೂರಕ್ಕೆ 4, ಚೌಕಕ್ಕೆ ಒಂದೇ, ಎಂಟಕ್ಕೂ ಒಂದೇ. ನೂರು ಸಲ ಎಸೆದು ಗೋಡೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಗೀಟು ಹಾಕಲು ಹೇಳಿ. ಲೆಕ್ಕದಂತೆ ಬೀಳದಿದ್ದರೆ ತಮ್ಮನು ಬೀಜವನ್ನು ಸರಿಯಾಗಿ ಉಜ್ಜಿಲ್ಲವೆಂದು ಅವಳೇ ಕಂಡುಹಿಡಿಯುತ್ತಾಳೆ, ಆ ಜಗಳ ಮೊಬೈಲಿನ ಜಗಳಕ್ಕಿಂತ ಎಷ್ಟೋ ವಾಸಿ.

ಇನ್ನು ಮೊಬೈಲ್. ಅದನ್ನು ಪೂರಾ ಬಿಡಿಸುತ್ತೇನೆಂದು ಹೊರಡಬೇಡಿ, ನೀವೂ ಬಿಟ್ಟಿಲ್ಲ, ನಾನೂ ಬಿಟ್ಟಿಲ್ಲ. ಎರಡರಿಂದ ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆ ಮೀರದಿರಲಿ, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದೆ. ನಿಮ್ಮ ಮಕ್ಕಳು ಆ ವಯಸ್ಸು ದಾಟಿದ್ದಾರೆ, ಆದರೂ ಹೊತ್ತು ಗೊತ್ತು ಮಾಡುವುದು ಸುಲಭ. ಆಂಡ್ರಾಯ್ಡ್ ಫೋನಾದರೆ ಗೂಗಲ್ಲಿನ ಫ್ಯಾಮಿಲಿ ಲಿಂಕ್ ಎಂಬ ಆ್ಯಪಿನಲ್ಲಿ ದಿನದ ಮಿತಿ ಇಡಬಹುದು. ಗಂಟೆ ಮುಗಿದಾಗ ಫೋನ್ ತಾನೇ ಬೀಗ ಹಾಕಿಕೊಳ್ಳುವುದರಿಂದ ಕೆಟ್ಟ ಹೆಸರು ನಿಮ್ಮ ತಲೆಗೆ ಬರುವುದಿಲ್ಲ. ಸಾಧ್ಯವಾದರೆ ಚಿಕ್ಕ ಪರದೆಯಿಂದ ದೊಡ್ಡ ಪರದೆಗೆ ಸರಿಸಿ: ಟಿ.ವಿ.ಯಲ್ಲಿ ನೋಡುವುದನ್ನು ಮನೆಯವರೆಲ್ಲ ನೋಡುತ್ತಾರೆ, ಮಧ್ಯೆ ಮಾತು ಬರುತ್ತದೆ. ಮಧ್ಯಾಹ್ನದ ಶಾಖದಲ್ಲಿ ಚಾರ್ಜಿಗೆ ಹಾಕಿಕೊಂಡೇ ಆಡುವ ಅಭ್ಯಾಸವಿದ್ದರೆ ಅದನ್ನು ಮಾತ್ರ ಇಂದೇ ನಿಲ್ಲಿಸಿ, ಲಿಥಿಯಂ ಬ್ಯಾಟರಿಗೆ ಬಿಸಿಯೇ ಮೊದಲ ಶತ್ರು. ಅತ್ತೆಯವರ ಒಡಪು, ಒಗಟು, ಬೀಸುಕಲ್ಲಿನ ಹಾಡುಗಳನ್ನು ಅದೇ ಮೊಬೈಲಿನಲ್ಲಿ ಧ್ವನಿಮುದ್ರಿಸುವ ಕೆಲಸವನ್ನು ಮಗಳಿಗೆ ವಹಿಸಿ ನೋಡಿ. ಧಾರಾವಾಹಿಗೆ ಬಿಡುವು ಸಿಗಬಹುದು.

ಪ್ರಶ್ನೆ: ನಮ್ಮ ಮನೆಯ ಯು.ಪಿ.ಎಸ್.ಗೆ 150 ಆಂಪಿಯರ್ ಅವರ್ ಬ್ಯಾಟರಿ ಇದೆ. ಕೊಂಡಾಗ ನಾಲ್ಕು ಗಂಟೆ ಬರುತ್ತಿತ್ತು, ಈಗ ಕರೆಂಟ್ ಹೋದರೆ ನಲವತ್ತು ನಿಮಿಷಕ್ಕೆ ಕಿರುಚಲು ಶುರು ಮಾಡುತ್ತದೆ. ಎರಡು ವರ್ಷವೂ ಆಗಿಲ್ಲ. (ಓದುಗರು, ಸಿಂಧನೂರು)

ಉತ್ತರ: ಬ್ಯಾಟರಿ ಎಲ್ಲಿಟ್ಟಿದ್ದೀರಿ ಎಂಬುದನ್ನು ಬರೆದಿಲ್ಲ. ಮೆಟ್ಟಿಲಿನ ಮೇಲಿನ ತಗಡಿನ ಕೋಣೆಯಲ್ಲಿದ್ದರೆ ಉತ್ತರ ಅಲ್ಲಿಯೇ ಇದೆ. ಸೀಸ ಮತ್ತು ಆಮ್ಲದ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿಗೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಹತ್ತು ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ನಾನು ಒಂದು ಬ್ಯಾಟರಿಯನ್ನು ಹೀಗೆಯೇ ತಗಡಿನ ಕೆಳಗೆ ಕೊಂದಿದ್ದೇನೆ. ಮನೆಯೊಳಗೆ, ನೆಲಮಟ್ಟದಲ್ಲಿ, ಗಾಳಿಯಾಡುವ ಮೂಲೆಗೆ ತನ್ನಿ. ನೀರಿನ ಮಟ್ಟ ತೋರುವ ತೇಲುಕಡ್ಡಿಯನ್ನು ಬೇಸಿಗೆಯಲ್ಲಿ ತಿಂಗಳಿಗೊಮ್ಮೆ ನೋಡಿ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಕುಡಿಯುವ ಶುದ್ಧ ನೀರು ನಡೆಯುವುದಿಲ್ಲ.

ಬ್ಯಾಟರಿ ಸರಿಯಿದ್ದರೆ ಎಷ್ಟು ಹೊತ್ತು ಬರಬೇಕೆಂಬುದನ್ನು ನೀವೇ ಲೆಕ್ಕ ಹಾಕಬಹುದು. 150ನ್ನು 12 ವೋಲ್ಟಿಗೆ ಗುಣಿಸಿದರೆ 1,800 ವಾಟ್ ಅವರ್. ನಷ್ಟ ಕಳೆದು ಕೈಗೆ ಸಿಗುವುದು 1,200ರಷ್ಟು. ಹಳೆಯ 75 ವಾಟಿನ ಮೂರು ಫ್ಯಾನ್, ಮೂರು ಎಲ್.ಇ.ಡಿ. ಬಲ್ಬ್, ಟಿ.ವಿ., ವೈಫೈ ರೌಟರ್ ಎಲ್ಲ ಸೇರಿ 340 ವಾಟ್ ಆದರೆ ಮೂರೂವರೆ ಗಂಟೆ. ಫ್ಯಾನುಗಳನ್ನು ಕಡಿಮೆ ಕರೆಂಟಿನ ಮೋಟಾರಿರುವ 28 ವಾಟಿನ ಬಿ.ಎಲ್.ಡಿ.ಸಿ. ಫ್ಯಾನಿಗೆ ಬದಲಿಸಿ, ಟಿ.ವಿ. ಆರಿಸಿದರೆ ಹೊರೆ 120 ವಾಟಿಗಿಳಿದು, ಅದೇ ಬ್ಯಾಟರಿ ಇಡೀ ರಾತ್ರಿ ತೂಗುತ್ತದೆ. ನಲವತ್ತು ನಿಮಿಷಕ್ಕೆ ಮುಗಿಯುತ್ತಿದೆಯೆಂದರೆ ಒಂದೋ ಬ್ಯಾಟರಿ ಮುಗಿದಿದೆ, ಇಲ್ಲವೇ ಯಾರೋ ಫ್ರಿಜ್ಜನ್ನು ಯು.ಪಿ.ಎಸ್. ಲೈನಿಗೆ ಕೊಟ್ಟಿದ್ದಾರೆ. ಮೊದಲು ಎರಡನೆಯದನ್ನು ನೋಡಿ, ಅದಕ್ಕೆ ಖರ್ಚಿಲ್ಲ.

ಪ್ರಶ್ನೆ: ಮಕ್ಕಳ ರಜೆ ಮುಗಿಯುವುದರೊಳಗೆ ಒಂದೆರಡು ಕಡೆ ಹೋಗಿ ಬರಬೇಕು. ಮಾವನವರಿಗೆ 72 ವರ್ಷ, ಮೊಣಕಾಲು ನೋವು. ಮಕ್ಕಳಿಗೆ ಗುಡ್ಡ ಹತ್ತುವ ಆಸೆ. ರಾತ್ರಿ ಉಳಿಯದೆ ಬರುವಂಥ ಜಾಗ ಹೇಳಿ. (ಗೃಹಿಣಿ, ಕೊಪ್ಪಳ)

ಉತ್ತರ: ಇಡೀ ದಿನದ ಪ್ರವಾಸವೆಂಬ ಕಲ್ಪನೆಯನ್ನು ಮೇ ತಿಂಗಳಲ್ಲಿ ಬಿಟ್ಟುಬಿಡಿ. ನಮ್ಮಲ್ಲಿ ಬೇಸಿಗೆಯ ದಿನಕ್ಕೆ ಎರಡೇ ತುಂಡು: ನಸುಕಿನಿಂದ ಒಂಬತ್ತರವರೆಗೆ ಒಂದು, ನಾಲ್ಕರಿಂದ ಕತ್ತಲಾಗುವವರೆಗೆ ಇನ್ನೊಂದು. ಒಂದೊಂದು ತುಂಡಿಗೆ ಒಂದೊಂದು ಊರು ಇಟ್ಟುಕೊಂಡರೆ ಮಾವನವರೂ ಬರಬಹುದು.

ಬೆಳಗಿನ ತುಂಡಿಗೆ ನಾನು ಆರಿಸುವುದು ಇಟಗಿ. ಕುಕನೂರಿನ ಸಮೀಪದ ಈ ಮಹಾದೇವ ದೇವಾಲಯವನ್ನು ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಕಟ್ಟಿಸಿದನು. ಅಲ್ಲಿಯ ಶಾಸನವೇ ಅದನ್ನು ದೇವಾಲಯಗಳ ಚಕ್ರವರ್ತಿ ಎಂದು ಕರೆದಿದೆ. ಗುಡ್ಡವಿಲ್ಲ, ಮಾವನವರ ಮೊಣಕಾಲಿಗೆ ತೊಂದರೆಯಿಲ್ಲ. ಎಳೆಬಿಸಿಲು ಅಡ್ಡವಾಗಿ ಬೀಳುವಾಗ ಕಂಬಗಳ ಕಡೆದ ಮೈ ನೋಡಬೇಕು. ಹತ್ತು ಗಂಟೆಯ ನೆತ್ತಿಬಿಸಿಲಿಗೆ ಆ ಕೆತ್ತನೆಯೆಲ್ಲ ಚಪ್ಪಟೆಯಾಗಿಬಿಡುತ್ತದೆ. ಹಿಂದಿರುಗುವಾಗ ಕುಕನೂರಿನ ನವಲಿಂಗ ಗುಡಿಗಳನ್ನು ಕಂಡು, ಒಗ್ಗರಣಿ ಮಿರ್ಚಿ ತಿಂದು, ಬಿಸಿಲೇರುವ ಮೊದಲೇ ಮನೆ ಸೇರಬಹುದು.

ಮಕ್ಕಳ ಗುಡ್ಡದ ಆಸೆಗೆ ಆನೆಗೊಂದಿ ಬಳಿಯ ಅಂಜನಾದ್ರಿ ಇದೆ. 575 ಮೆಟ್ಟಿಲು. ಸೂರ್ಯ ಹುಟ್ಟುವ ಮೊದಲೇ ಬುಡದಲ್ಲಿರಬೇಕು, ಇಳಿಯುವಾಗ ಕಲ್ಲು ಕಾದಿರಬಾರದು. ಮಾವನವರನ್ನು ಆ ದಿನ ಮನೆಯಲ್ಲೇ ಬಿಡಿ, ಕೆಳಗೆ ಕೂರಿಸಿ ಕಾಯಿಸುವುದೂ ಬೇಡ. ಆನೆಗೊಂದಿಯ ಕಡೆ ಹೊಳೆಯಲ್ಲಿ ನೀರು ಕಡಿಮೆ ಕಂಡಿತೆಂದು ಮಕ್ಕಳನ್ನು ಇಳಿಸಬೇಡಿ. ಬಂಡೆಗಳ ನಡುವಿನ ಮಡು ಮೇಲಿಂದ ನೋಡಿದರೆ ಮೊಣಕಾಲುದ್ದ, ಕಾಲಿಟ್ಟರೆ ತಲೆಯ ಮೇಲೆ.

ಸಂಜೆಯ ತುಂಡಿಗೆ ದರೋಜಿ ಕರಡಿಧಾಮಕ್ಕಿಂತ ಒಳ್ಳೆಯದು ನನಗೆ ತೋಚುವುದಿಲ್ಲ. ಹೊಸಪೇಟೆ, ಕಮಲಾಪುರದ ಮೇಲೆ ಹಾದು ಹೋಗಿ. 1994ರಲ್ಲಿ ಸ್ಥಾಪನೆಯಾದ ಈ ಧಾಮದಲ್ಲಿ ಅರಣ್ಯ ಸಿಬ್ಬಂದಿ ಬಂಡೆಗಳ ಮೇಲೆ ಬೆಲ್ಲದ ಪಾಕದಂಥದನ್ನು ಸವರಿರುತ್ತಾರೆ. ಮಧ್ಯಾಹ್ನ ಕಳೆದ ಮೇಲೆ ಕರಡಿಗಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಅದನ್ನು ನೆಕ್ಕಲು ಬರುತ್ತವೆ. ವೀಕ್ಷಣಾ ಗೋಪುರದಿಂದ ದೂರದಲ್ಲಿ ಕಾಣುವುದರಿಂದ ದುರ್ಬೀನು ಇದ್ದರೆ ಒಯ್ಯಿರಿ. ಮೊಬೈಲ್ ಕ್ಯಾಮೆರಾದಲ್ಲಿ ಕರಡಿ ಕಪ್ಪು ಚುಕ್ಕೆಯಾಗಿ ಬರುತ್ತದೆ; ಅದಕ್ಕೇ ಹೇಳುವುದು, ಕಣ್ಣಿಂದಲೇ ನೋಡಿ.

ಊರ ಹತ್ತಿರದಲ್ಲೇ ಒಂದು ಸಂಜೆ ಕಳೆಯುವುದಾದರೆ ಕಿನ್ನಾಳಕ್ಕೆ ಹೋಗಿ. ಹಗುರ ಮರದ ಗೊಂಬೆಯ ಕೀಲುಗಳನ್ನು ತುಂಬಲು ಅಲ್ಲಿಯ ಚಿತ್ರಗಾರರು ಗೋಣಿಯ ನಾರು, ಮರದ ಹೊಟ್ಟು, ಹುಣಸೆ ಬೀಜದ ಅಂಟು ಕಲಸಿ ಕಿಟ್ಟ ಎಂಬುದನ್ನು ಮಾಡುತ್ತಾರೆ. ಮೇಲಿನ ಉತ್ತರದ ಹುಣಸೆ ಬೀಜ ಉಜ್ಜಿದ ಮಕ್ಕಳಿಗೆ ಇದು ರುಚಿಸೀತು. ತುಂಗಭದ್ರಾ ಅಣೆಕಟ್ಟೆಯನ್ನು ಮಾತ್ರ ಮೇ ತಿಂಗಳಿಗೆ ಇಟ್ಟುಕೊಳ್ಳಬೇಡಿ, ಬತ್ತಿದ ಜಲಾಶಯ ನೋಡಿ ಮನಸ್ಸಿಗೆ ಬೇಸರವಷ್ಟೇ. ಮಳೆಗಾಲ ಕೂಡಿ ಬಂದು 33 ಗೇಟುಗಳ ತನಕ ನೀರು ಬಂದಾಗ ಹೋಗಿ. 2024ರ ಆಗಸ್ಟಿನಲ್ಲಿ ಸರಪಳಿ ಕಡಿದು ಕೊಚ್ಚಿಹೋದ 19ನೆಯ ಗೇಟಿನ ಕಥೆಯನ್ನು ಅಲ್ಲಿ ನಿಂತೇ ಮಕ್ಕಳಿಗೆ ಹೇಳಬಹುದು.

ಇದೇ ಪ್ರಶ್ನೆ ಕೇಳಿದ ರಾಯಚೂರಿನವರಿಗೆ ಎರಡೇ ಮಾತು: ನಿಮ್ಮ ಕೋಟೆಯ ಗೋಡೆಯಲ್ಲಿ 1294ರ ಶಾಸನವಿರುವ, 40 ಅಡಿಗೂ ಮೀರಿ ಉದ್ದದ ಕಲ್ಲಿದೆ, ಆ ಕಲ್ಲನ್ನು ಗಾಡಿಯ ಮೇಲೆ ಎಳೆದು ತಂದ ಬಗೆಯನ್ನೂ ಅದರ ಪಕ್ಕದಲ್ಲೇ ಗೆರೆಯಲ್ಲಿ ಕೊರೆದಿದ್ದಾರೆ. ಮಸ್ಕಿಯಲ್ಲಿ 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರೊಬ್ಬರು ಕಂಡ ಶಾಸನದಲ್ಲಿ ಅಶೋಕನ ಹೆಸರು ಹೆಸರಾಗಿಯೇ ಇದೆ. ಎರಡನ್ನೂ ಬೆಳಿಗ್ಗೆ ನೋಡಿ.

ಎಲ್ಲಿಗೇ ಹೋದರೂ ನಕ್ಷೆಯನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಂಡು ಹೊರಡಿ, ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗದು. ನಿಲ್ಲಿಸಿದ ಕಾರಿನಲ್ಲಿ ಮೊಬೈಲನ್ನೂ ಬಿಡಬೇಡಿ. ಮಕ್ಕಳನ್ನು ಐದು ನಿಮಿಷಕ್ಕೂ ಬಿಡಬೇಡಿ.

ಪ್ರಶ್ನೆ: ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿದರೆ ಕರೆಂಟ್ ಹೋದಾಗಲೂ ಫ್ಯಾನ್ ತಿರುಗುತ್ತದೆಯಲ್ಲವೇ? (ಓದುಗರು, ಗಂಗಾವತಿ)

ಉತ್ತರ: ಹೆಚ್ಚಿನವರು ಹಾಗೆಂದೇ ತಿಳಿದಿದ್ದಾರೆ, ಅದು ತಪ್ಪು. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಇಲ್ಲದಾಗ ತಾನೂ ನಿಲ್ಲುತ್ತದೆ. ಕಂಬದ ಮೇಲೆ ದುರಸ್ತಿ ಮಾಡುತ್ತಿರುವ ಲೈನ್‌ಮನ್‌ಗೆ ನಿಮ್ಮ ಮನೆಯಿಂದ ಶಾಕ್ ಹೊಡೆಯಬಾರದೆಂದೇ ಆ ಏರ್ಪಾಡು. ಕರೆಂಟ್ ಹೋದಾಗಲೂ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಮಾದರಿ ಬೇಕು, ಅದರ ಬೆಲೆ ಬೇರೆ. ಒಂದು ಕಿಲೋವಾಟ್ ಸೋಲಾರ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ. 2024ರಲ್ಲಿ ಶುರುವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಎರಡು ಕಿಲೋವಾಟಿಗೆ 60,000, ಮೂರು ಮತ್ತು ಅದಕ್ಕೂ ಮೇಲಿನದಕ್ಕೆ 78,000 ರೂಪಾಯಿ ಸಬ್ಸಿಡಿಯನ್ನು ಗೊತ್ತು ಮಾಡಲಾಯಿತು. ನಿಮ್ಮ ಬಿಲ್ ಈಗ ಗೃಹಜ್ಯೋತಿಯಲ್ಲಿ ಸೊನ್ನೆ ಬರುತ್ತಿದ್ದರೆ ಅವಸರ ಬೇಡ.

ಪ್ರಶ್ನೆ: ಮಾಳಿಗೆ ಮೇಲೆ ಮಲಗುವುದು ನಮ್ಮ ಮನೆಯ ರೂಢಿ. ಸಿಮೆಂಟಿನ ಮಾಳಿಗೆ ರಾತ್ರಿ ಹತ್ತಾದರೂ ಕಾವಾರುವುದಿಲ್ಲ. (ಓದುಗರು, ಕುಷ್ಟಗಿ)

ಉತ್ತರ: ಮಾಳಿಗೆಗೆ ಸುಣ್ಣ ಬಳಿಯಿರಿ, ಎರಡು ಕೈ. ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವುದರಿಂದ ಮೇಲೆ ಮಲಗುವವರಿಗೂ ಕೆಳಗಿನ ಕೋಣೆಯವರಿಗೂ ಲಾಭ. ಹೊತ್ತು ಮುಳುಗಿದ ಮೇಲೆ ಎರಡು ಕೊಡ ನೀರು ಚೆಲ್ಲಿ, ಆರಲು ಬಿಟ್ಟು, ಆಮೇಲೆ ಹಾಸಿಗೆ ಹಾಸಿ. ಸಂಡಿಗೆ, ಶಾವಿಗೆ ಒಣಗಿಸುವವರು ಸುಣ್ಣದ ಮೇಲೆ ಬಟ್ಟೆ ಹಾಸಿಕೊಳ್ಳಬೇಕು ಅಷ್ಟೇ. ಸೊಳ್ಳೆಪರದೆ ಮರೆಯಬೇಡಿ.

ಪ್ರಶ್ನೆ: ನಾನು ಏಳನೇ ತರಗತಿ ಪಾಸಾಗಿದ್ದೇನೆ. ಬೇಸಿಗೆಯಲ್ಲಿ ಒಂದು ದಿನ ನಮ್ಮ ನೆರಳೇ ಇರುವುದಿಲ್ಲ ಎಂದು ಅಣ್ಣ ಹೇಳಿದ. ನಿಜವೇ? ನಮ್ಮ ಊರಿನಲ್ಲಿ ಯಾವತ್ತು? (ವಿದ್ಯಾರ್ಥಿನಿ, ಸಿರುಗುಪ್ಪ)

ಉತ್ತರ: ನಿಮ್ಮ ಅಣ್ಣ ಹೇಳಿದ್ದು ನಿಜ. ಪ್ರತಿ ಮಟಮಟ ಮಧ್ಯಾಹ್ನವೂ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆಂದು ನಾವು ಮಾತಿಗೆ ಹೇಳುತ್ತೇವೆ, ಆದರೆ ಲೆಕ್ಕಕ್ಕೆ ಸರಿಯಾಗಿ ನೆತ್ತಿಯ ಮೇಲೆ ಬರುವುದು ನಮ್ಮಲ್ಲಿ ವರ್ಷಕ್ಕೆ ಎರಡೇ ದಿನ. ಮಾರ್ಚಿ 21ರ ಸುಮಾರಿಗೆ ಸಮಭಾಜಕ ವೃತ್ತದ ಮೇಲಿರುವ ಸೂರ್ಯ ದಿನದಿನಕ್ಕೆ ಉತ್ತರಕ್ಕೆ ಸರಿಯುತ್ತ ಜೂನ್ 21ಕ್ಕೆ ಕರ್ಕಾಟಕ ಸಂಕ್ರಾಂತಿ ವೃತ್ತ ಮುಟ್ಟಿ ಹಿಂದಿರುಗುತ್ತಾನೆ. ಹೋಗುವಾಗೊಮ್ಮೆ, ಬರುವಾಗೊಮ್ಮೆ ನಮ್ಮ ತಲೆಯ ಮೇಲೆ ಹಾದುಹೋಗುತ್ತಾನೆ. ದಿಲ್ಲಿಯವರಿಗೆ ಈ ಭಾಗ್ಯವಿಲ್ಲ, ಅವರ ಊರು ಆ ವೃತ್ತಕ್ಕಿಂತ ಉತ್ತರದಲ್ಲಿದೆ.

ಮೇ ತಿಂಗಳ ಮೊದಲ ವಾರದಲ್ಲಿ ಸೂರ್ಯನ ಈ ನಡಿಗೆ ದಿನಕ್ಕೆ ಸುಮಾರು 33 ಕಿಲೋಮೀಟರ್. ಆದ್ದರಿಂದ ಬಳ್ಳಾರಿಗೆ ಮೇ 1, ಕೊಪ್ಪಳಕ್ಕೆ ಮೇ 2, ನಿನ್ನ ಸಿರುಗುಪ್ಪಕ್ಕೆ ಮೇ 3, ರಾಯಚೂರಿಗೆ ಮೇ 5 ಎಂದು ಇಟ್ಟುಕೋ. ವರ್ಷದಿಂದ ವರ್ಷಕ್ಕೆ ಒಂದು ದಿನ ಅತ್ತಿತ್ತ ಆಗಬಹುದು. ರಾಯಚೂರಿನಲ್ಲಿ ನಿನ್ನ ಚಿಕ್ಕಮ್ಮನೋ ಅತ್ತೆಯೋ ಇದ್ದರೆ ಅವರಿಗೂ ಹೇಳು, ಎರಡೂ ಊರಿನ ಫೋಟೋ ಕೂಡಿಸಿ ನೋಡಬಹುದು.

ಗಡಿಯಾರದ ಹನ್ನೆರಡಕ್ಕೆ ಕಾಯಬೇಡ. ನಮ್ಮ ಗಡಿಯಾರಗಳು ಉತ್ತರ ಪ್ರದೇಶದ ಮಿರ್ಜಾಪುರದ ಸಮೀಪ ಹಾಯುವ 82.5 ಡಿಗ್ರಿ ರೇಖಾಂಶದ ಹೊತ್ತನ್ನು ತೋರಿಸುತ್ತವೆ. ನಾವು ಅದಕ್ಕಿಂತ ಪಶ್ಚಿಮದಲ್ಲಿರುವುದರಿಂದ ಸಿರುಗುಪ್ಪದ ನಿಜವಾದ ನಡುಹಗಲು ಆ ದಿನ 12.19ಕ್ಕೆ. ಮೊಬೈಲಿನ ಗಡಿಯಾರ ನೋಡಿಕೋ, ಗೋಡೆ ಗಡಿಯಾರ ಐದು ನಿಮಿಷ ಮುಂದಿರಬಹುದು.

ಮಾಳಿಗೆಯಲ್ಲೋ ಅಂಗಳದಲ್ಲೋ ಸಮತಟ್ಟಾದ ಜಾಗ ಹುಡುಕು. ತಟ್ಟೆಯಲ್ಲಿ ನೀರು ಹಾಕಿ ಇಟ್ಟರೆ ನೆಲ ವಾಲಿದೆಯೇ ಎಂಬುದು ತಿಳಿಯುತ್ತದೆ. ಅಡುಗೆಮನೆಯ ನೇರ ಮೈಯ ಸ್ಟೀಲ್ ಡಬ್ಬಿಯೊಂದನ್ನು ಕೇಳಿ ತಂದು ನಿಲ್ಲಿಸು. ಬಾಯಗಲದ ಲೋಟ ಬೇಡ, ಅದರ ಅಂಚಿನ ನೆರಳು ಮೋಸ ಮಾಡುತ್ತದೆ. 12.05ಕ್ಕೆ ಒಂದು, 12.12ಕ್ಕೆ ಒಂದು, 12.19ಕ್ಕೆ ಒಂದು, 12.26ಕ್ಕೆ ಒಂದು ಎಂದು ನೆರಳಿನ ತುದಿಗೆ ಸೀಮೆಸುಣ್ಣದ ಗುರುತು ಹಾಕು. ನೆರಳು ಪಶ್ಚಿಮದಿಂದ ಕುಗ್ಗುತ್ತ ಬಂದು, ಡಬ್ಬಿಯ ಅಡಿಗೆ ನುಸುಳಿ, ಪೂರ್ವಕ್ಕೆ ಇಣುಕುವುದು ಕಾಣುತ್ತದೆ. ಹಿಂದಿನ ದಿನವೂ ಮರುದಿನವೂ ಮಾಡಿದರೆ ಇನ್ನೂ ಚೆನ್ನ. ತಲೆಗೆ ಒದ್ದೆ ಟವೆಲ್, ಕಾಲಿಗೆ ಚಪ್ಪಲಿ ಇರಲಿ, ಗುರುತು ಹಾಕಿದ ಕೂಡಲೇ ನೆರಳಿಗೆ ಬಾ, ಸೂರ್ಯನನ್ನು ಮಾತ್ರ ನೇರ ನೋಡಬೇಡ. ಆಗಸ್ಟ್ 10ರ ಹೊತ್ತಿಗೆ ಸೂರ್ಯ ಹಿಂದಿರುಗುವಾಗ ಮತ್ತೆ ಇದೇ ಆಗುತ್ತದೆ, ಮೋಡವಿಲ್ಲದಿದ್ದರೆ.